ಲಕ್ಷ ಕಿಲೋಮೀಟರ್ ದಾಟಿದ ಮೇಲೆ

ಆಂಧ್ರದ ಗಡಿಯ ಹಾಲಹರವಿಯಿಂದ ಬಳ್ಳಾರಿಗೆ ಹೊರಟ ಕಾರಿನ ಟ್ಯಾಂಕು ಹೋಗುವಾಗ ಖಾಲಿ, ಬರುವಾಗ ಭರ್ತಿ. ಗಡಿಯ ಈ ಕಡೆ ಗಾಡಿ ಇಟ್ಟುಕೊಂಡವರಿಗೆಲ್ಲ ಗೊತ್ತಿರುವ ಲೆಕ್ಕ ಇದು. 2025ರಲ್ಲಿ ಆಂಧ್ರದ ಬಂಕುಗಳಲ್ಲಿ ಪೆಟ್ರೋಲ್ ಲೀಟರಿಗೆ 109 ರೂಪಾಯಿ ಆಸುಪಾಸು ಇದ್ದರೆ ಕರ್ನಾಟಕದಲ್ಲಿ 103 ರೂಪಾಯಿ ಆಸುಪಾಸು ಇತ್ತು. ಲೀಟರಿಗೆ ಆರೇಳು ರೂಪಾಯಿ ಉಳಿಯುತ್ತದೆಂದರೆ ಯಾರು ಬಿಟ್ಟಾರು? ಆದರೆ ಪೆಟ್ರೋಲಿನ ವಿಷಯದಲ್ಲಿ ಇಷ್ಟು ಸೂಕ್ಷ್ಮವಾಗಿ ಲೆಕ್ಕ ಹಾಕುವ ಜನ, ಅದೇ ಗಾಡಿಯ ರಿಪೇರಿಗೆ ಹತ್ತು ವರ್ಷದಲ್ಲಿ ಎಷ್ಟು ರೊಕ್ಕ ಹೋಯಿತೆಂದು ಕೇಳಿದರೆ ಕೈ ಚೆಲ್ಲುತ್ತಾರೆ. ಐನೂರು, ಎರಡು ಸಾವಿರ, ಒಮ್ಮೊಮ್ಮೆ ಹದಿನೈದು ಸಾವಿರ ಎಂದು ಬಿಡಿಬಿಡಿಯಾಗಿ ಹೋದ ಹಣ ಯಾವ ನೋಟ್‌ಬುಕ್ಕಿನಲ್ಲೂ ಇರುವುದಿಲ್ಲ.

ಈಗ ಎಲೆಕ್ಟ್ರಿಕ್ ಕಾರು ಬಂದಿದೆ. "ಸರ್ವೀಸ್ ಖರ್ಚೇ ಇಲ್ಲ" ಎಂದು ಒಬ್ಬರು ಹೇಳಿದರೆ, "ಬ್ಯಾಟರಿ ಹೋದರೆ ಗಾಡಿಯೇ ಹೋದಂತೆ" ಎಂದು ಇನ್ನೊಬ್ಬರು ಹೆದರಿಸುತ್ತಾರೆ. ಎರಡು ಮಾತಿನಲ್ಲೂ ಅರ್ಧ ಸತ್ಯವಿದೆ. ಉಳಿದರ್ಧವನ್ನು ನಮ್ಮ ಬಿಸಿಲು, ನಮ್ಮ ರಸ್ತೆ, ನಮ್ಮ ಮೆಕ್ಯಾನಿಕ್ಕುಗಳನ್ನು ಎದುರಿಗಿಟ್ಟುಕೊಂಡು ನೋಡಬೇಕು.

ಈ ಪ್ರಶ್ನೆ ನಮಗೆ ಬೇರೆಯವರಿಗಿಂತ ಹೆಚ್ಚು ಮುಖ್ಯ. 1953ರಲ್ಲಿ ಬಳ್ಳಾರಿ ಜಿಲ್ಲೆ ಒಡೆದಾಗ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು. ಕಚೇರಿ ಕರ್ನೂಲಿಗೆ ಹೋಯಿತು, ಬದುಕು ಬಳ್ಳಾರಿಯಲ್ಲೇ ಉಳಿಯಿತು. ದೊಡ್ಡ ಆಸ್ಪತ್ರೆಗೆ, ಮದುವೆ ಜವಳಿಗೆ, ನೆಂಟರ ಮನೆಗೆ ಬಳ್ಳಾರಿ, ಹತ್ತಿ ಮಾರಲು ಆದೋನಿ, ರೈಲಿಗೆ ಗುಂತಕಲ್ಲು, ಗುರುವಾರ ಬಂದರೆ ಮಂತ್ರಾಲಯ. ಬಳ್ಳಾರಿ ಮೂವತ್ತು ಕಿಲೋಮೀಟರಿನ ಆಸುಪಾಸು, ಕರ್ನೂಲು ನೂರು ದಾಟಿ. ಇಲ್ಲಿ ಕಾರು ಇದ್ದರೆ ಅದು ಓಡುತ್ತದೆ. ನೆರಳಲ್ಲಿ ನಿಂತು ಹೊಳೆಯುವ ಕಾರು ಕಡಿಮೆ. ಅಲ್ಲದೆ ಇಲ್ಲಿಗೆ ಬರುವ ಕಾರುಗಳಲ್ಲಿ ಬಹಳಷ್ಟು ಸೆಕೆಂಡ್ಸ್ ಗಾಡಿಗಳು. ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಎಂಬತ್ತು ಸಾವಿರ, ಲಕ್ಷ ಕಿಲೋಮೀಟರ್ ಓಡಿ, ಮೊದಲ ಒಡೆಯನ ವಾರಂಟಿ ಮುಗಿದ ಮೇಲೆ ನಮ್ಮ ಅಂಗಳಕ್ಕೆ ಬಂದು ನಿಲ್ಲುತ್ತವೆ. ಹೊಸ ಕಾರಿನ ಮೊದಲ ಐದು ವರ್ಷದ ಖರ್ಚನ್ನು ಪತ್ರಿಕೆಗಳು ಬರೆಯುತ್ತವೆ. ನಮಗೆ ಬೇಕಾದ್ದು ಆರನೆಯ ವರ್ಷದಿಂದ ಆಚೆಗಿನ ಕಥೆ.

ಮೊದಲು ಪೆಟ್ರೋಲ್ ಗಾಡಿ.

ಲಕ್ಷ ದಾಟಿದ ಪೆಟ್ರೋಲ್ ಕಾರನ್ನು ನಮ್ಮ ಕಡೆಯ ಹಳೆಯ ಮೆಕ್ಯಾನಿಕ್ ಹೇಗೆ ನೋಡುತ್ತಾನೆಂಬುದನ್ನು ಗಮನಿಸಿ. ಕಂಪ್ಯೂಟರ್ ಹಚ್ಚುವುದು ಆಮೇಲೆ. ಮೊದಲು ಇಂಜಿನ್ ಚಾಲೂ ಮಾಡಿಸಿ ಉದ್ದನೆಯ ಸ್ಕ್ರೂಡ್ರೈವರ್ ತೆಗೆದುಕೊಂಡು ಅದರ ಮೊನೆಯನ್ನು ಟ್ಯಾಪೆಟ್ ಕವರಿನ ಮೇಲಿಟ್ಟು ಹಿಡಿಯನ್ನು ಕಿವಿಗೆ ಒತ್ತಿಕೊಳ್ಳುತ್ತಾನೆ. ಕಣ್ಣು ಮುಚ್ಚುತ್ತಾನೆ. ಮೊನೆಯನ್ನು ನಾಲ್ಕು ಬೆರಳು ಆಚೆ ಸರಿಸಿ ಮತ್ತೆ ಕೇಳುತ್ತಾನೆ. ಆಮೇಲೆ ಡಿಪ್‌ಸ್ಟಿಕ್ ಎಳೆದು ಎಣ್ಣೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ ಬಿಸಿಲಿಗೆ ಹಿಡಿಯುತ್ತಾನೆ. ಆಯಿಲ್ ಹಾಕುವ ಮುಚ್ಚಳ ಬಿಚ್ಚಿ ಅಲ್ಲಿಂದ ಹೊಗೆ ತಳ್ಳುತ್ತದೆಯೇ ಎಂದು ಅಂಗೈ ಹಿಡಿಯುತ್ತಾನೆ. "ಚೈನ್ ಸದ್ದು ಬರ್ತಾ ಇದೆ, ಆಯಿಲ್ ಸ್ವಲ್ಪ ತಿಂತದೆ, ಬೋರಿಗೆ ಇನ್ನೂ ಬಂದಿಲ್ಲ" ಎಂದು ಐದು ನಿಮಿಷದಲ್ಲಿ ತೀರ್ಪು. ಇದು ಈ ಊರುಗಳು ಐವತ್ತು ವರ್ಷದಲ್ಲಿ ಗಳಿಸಿದ ಆಸ್ತಿ. ಅಂಬಾಸಿಡರ್, ಜೀಪು, ಟ್ರಾಕ್ಸ್, ಮಾರುತಿ 800, ಬೊಲೆರೊ ಎಲ್ಲವೂ ಸೇರಿ ಈ ಕಿವಿಗಳನ್ನು ತಯಾರು ಮಾಡಿವೆ.

ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಇಂಜಿನ್ ಆಯಿಲ್, ಫಿಲ್ಟರ್. ನಮ್ಮಲ್ಲಿ ಏರ್ ಫಿಲ್ಟರ್ ಅದಕ್ಕೂ ಮೊದಲೇ ತುಂಬಿಕೊಳ್ಳುತ್ತದೆ. ಎರೆಹೊಲದ ಧೂಳು, ಆದೋನಿ ಕಡೆ ಹತ್ತಿಯ ಅರಳೆ, ಬಳ್ಳಾರಿ ಕಡೆ ಅದಿರಿನ ಕೆಂಪು ಪುಡಿ. ಎಂಬತ್ತು ಸಾವಿರದಿಂದ ಒಂದೂಕಾಲು ಲಕ್ಷದೊಳಗೆ ಕ್ಲಚ್ ಪ್ಲೇಟು. ಆಮೇಲೆ ರೇಡಿಯೇಟರ್, ವಾಟರ್ ಪಂಪ್, ಇಂಜಿನ್ ಮೌಂಟು, ಆಲ್ಟರ್ನೇಟರ್, ಸೆಲ್ಫ್ ಮೋಟಾರು, ಆಕ್ಸಿಜನ್ ಸೆನ್ಸರ್. ಒಂದೂವರೆ ಲಕ್ಷದ ಮೇಲೆ ಚೈನು ಸಡಿಲ, ಆಯಿಲ್ ಸೋರಿಕೆ, ಇಂಜೆಕ್ಟರ್. ಬೇಸಗೆಯಲ್ಲಿ ಕೂಲಂಟ್ ಖಾಲಿಯಾದದ್ದನ್ನು ನೋಡದೆ ಓಡಿಸಿದರೆ ಹೆಡ್ ಗ್ಯಾಸ್ಕೆಟ್ ಹೋಗಿ ಇಂಜಿನ್ ಕೆಲಸವೇ ಬರುತ್ತದೆ. ಪಟ್ಟಿ ಉದ್ದವಿದೆ. ಆದರೆ ಇದರಲ್ಲಿ ಒಂದೊಂದೂ ಬೇರೆಬೇರೆ ದಿನ ಬರುತ್ತದೆ, ಬಹುತೇಕ ಎಲ್ಲದಕ್ಕೂ ಮುನ್ಸೂಚನೆ ಇರುತ್ತದೆ, ಬಹುತೇಕ ಎಲ್ಲವೂ ಆಲೂರಿನಲ್ಲೋ ಆದೋನಿಯಲ್ಲೋ ಬಳ್ಳಾರಿಯಲ್ಲೋ ಸರಿಯಾಗುತ್ತದೆ. ಕಂಪನಿ ಪಾರ್ಟ್ ದುಬಾರಿಯೆನಿಸಿದರೆ ಬೇರೆ ಕಂಪನಿಯದು, ಅದೂ ಆಗದಿದ್ದರೆ ಗುಜರಿಯದು.

ಪೆಟ್ರೋಲ್ ಇಂಜಿನ್ನನ್ನು ಎಷ್ಟು ದೂರ ಓಡಿಸಬಹುದೆಂಬುದಕ್ಕೆ ಜಗತ್ತಿನ ದಾಖಲೆ ಅಮೆರಿಕದ ಇರ್ವ್ ಗಾರ್ಡನ್ ಅವರದು. 1966ರ ವೋಲ್ವೋ ಪಿ1800 ಕಾರನ್ನು ಹೊಸದಾಗಿ ಕೊಂಡ ಆ ಶಾಲಾ ಮೇಷ್ಟ್ರು 2013ರಲ್ಲಿ ಅದೇ ಕಾರಿನಲ್ಲಿ ಮೂವತ್ತು ಲಕ್ಷ ಮೈಲಿ ಪೂರೈಸಿದರು, ನಮ್ಮ ಲೆಕ್ಕದಲ್ಲಿ 48 ಲಕ್ಷ ಕಿಲೋಮೀಟರ್. ನಡುವೆ ಇಂಜಿನ್ ಬಿಚ್ಚಿ ಕಟ್ಟಿಸಿದ್ದುಂಟು. ಉಳಿದದ್ದೆಲ್ಲ ತಪ್ಪದೆ ಬದಲಿಸಿದ ಎಣ್ಣೆಯ ಫಲ. ಪೆಟ್ರೋಲ್ ಕಾರಿಗೆ ಸಾವು ಬರುವುದು ಯಂತ್ರ ಸೋತಾಗಲ್ಲ, ರಿಪೇರಿಯ ಬಿಲ್ಲು ಕಾರಿನ ಬೆಲೆ ಮೀರಿದಾಗ. ದುಡಿಮೆಯ ಕೂಲಿ ಕಡಿಮೆಯಿರುವ ನಮ್ಮಲ್ಲಿ ಆ ದಿನ ಬಹಳ ತಡವಾಗಿ ಬರುತ್ತದೆ. ಬಿಡದಿಯಲ್ಲಿ ತಯಾರಾದ ಕ್ವಾಲಿಸ್, ಇನ್ನೋವಾ, ಎಟಿಯೋಸ್ ಬಾಡಿಗೆ ಗಾಡಿಗಳು, ಬಹುತೇಕ ಡೀಸೆಲ್ ಗಾಡಿಗಳೇ ಆದರೂ, ನಾಲ್ಕೈದು ಲಕ್ಷ ಕಿಲೋಮೀಟರ್ ಓಡಿ ಇನ್ನೂ ರಸ್ತೆಯಲ್ಲಿರುವುದು ಇದೇ ಕಾರಣಕ್ಕೆ.

ಈಚೆಗೆ ಒಂದು ಹೊಸ ಖರ್ಚು ಸೇರಿದೆ. ದೇಶದಾದ್ಯಂತ ಪೆಟ್ರೋಲಿಗೆ ಶೇ 20 ಎಥೆನಾಲ್ ಬೆರೆಸುವ ಗುರಿ 2025ರಲ್ಲಿ ಮುಟ್ಟಿತು. ಹಳೆಯ ಗಾಡಿಗಳಲ್ಲಿ ಇಪ್ಪತ್ತು–ಮೂವತ್ತು ಸಾವಿರ ಕಿಲೋಮೀಟರ್ ಓಡಿದ ಮೇಲೆ ಕೆಲವು ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾಗಬಹುದು ಎಂದು ಪೆಟ್ರೋಲಿಯಂ ಸಚಿವಾಲಯವೇ ಆ ವರ್ಷ ಹೇಳಿತು, ಅದು ಅಗ್ಗದ ಕೆಲಸ ಎಂದೂ ಸೇರಿಸಿತು. ಮೈಲೇಜು ಸ್ವಲ್ಪ ಇಳಿಯುವುದು ನಿಜ. ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಶಕ್ತಿ ಕಡಿಮೆ. ಹತ್ತು ಹದಿನೈದು ವರ್ಷದ ಹಿಂದಿನ ಕಾರು ಇಟ್ಟುಕೊಂಡವರು ಪೆಟ್ರೋಲ್ ಪೈಪು, ಓ–ರಿಂಗುಗಳನ್ನು ವರ್ಷಕ್ಕೊಮ್ಮೆ ಮುಟ್ಟಿ ನೋಡಿಸುವುದು ಒಳ್ಳೆಯದು. ಬಿರುಕು ಬಿಟ್ಟ ಪೈಪಿನಿಂದ ಪೆಟ್ರೋಲ್ ತೊಟ್ಟಿಕ್ಕುವುದು ಖರ್ಚಿಗಿಂತ ಮೊದಲು ಬೆಂಕಿಯ ಮಾತು.

ಇನ್ನು ಎಲೆಕ್ಟ್ರಿಕ್ ಕಾರು. ಮೇಲಿನ ಪಟ್ಟಿಯಲ್ಲಿ ಮುಕ್ಕಾಲು ಭಾಗ ಇದರಲ್ಲಿ ಇಲ್ಲವೇ ಇಲ್ಲ. ಇಂಜಿನ್ ಆಯಿಲ್ ಇಲ್ಲ, ಪ್ಲಗ್ ಇಲ್ಲ, ಕ್ಲಚ್ ಇಲ್ಲ, ಸೈಲೆನ್ಸರ್ ಇಲ್ಲ. ಕಾಲು ತೆಗೆದರೆ ಮೋಟಾರೇ ಗಾಡಿಯನ್ನು ಹಿಡಿದು ನಿಲ್ಲಿಸುವುದರಿಂದ ಬ್ರೇಕ್ ಪ್ಯಾಡು ಎರಡು ಮೂರು ಪಟ್ಟು ಬಾಳುತ್ತದೆ. ಅಮೆರಿಕದ ಗ್ರಾಹಕ ಸಂಸ್ಥೆ ಕನ್ಸ್ಯೂಮರ್ ರಿಪೋರ್ಟ್ಸ್ 2020ರಲ್ಲಿ ಹಾಕಿದ ಲೆಕ್ಕದಂತೆ ಜೀವಮಾನದ ಸರಾಸರಿಯಲ್ಲಿ ಪೆಟ್ರೋಲ್ ಕಾರಿನ ನಿರ್ವಹಣೆ ಮತ್ತು ರಿಪೇರಿ ಖರ್ಚು ಮೈಲಿಗೆ 6.1 ಸೆಂಟ್, ಎಲೆಕ್ಟ್ರಿಕ್ ಕಾರಿನದು 3.1 ಸೆಂಟ್. ಅಲ್ಲಿನ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯ 2021ರಲ್ಲಿ ಬೇರೆ ವಿಧಾನದಿಂದ ಲೆಕ್ಕ ಹಾಕಿ 10.1 ಮತ್ತು 6.1 ಸೆಂಟ್ ಎಂದಿತು. ಅರ್ಧಕ್ಕೆ ಅರ್ಧ, ಇಲ್ಲವೇ ಶೇ 40 ಉಳಿತಾಯ.

ಈ ಅಂಕಿಗಳನ್ನು ನಮ್ಮಲ್ಲಿ ಎಲ್ಲರೂ ಎತ್ತಿ ಹೇಳುತ್ತಾರೆ. ನಾನು ಹೇಳುವುದೇನೆಂದರೆ, ಇವು ಹಾಲಹರವಿಗೆ ಹಾಗೆಯೇ ಹೊಂದುವುದಿಲ್ಲ. ಅಮೆರಿಕದ ಗ್ಯಾರೇಜಿನ ಬಿಲ್ಲಿನಲ್ಲಿ ದೊಡ್ಡ ಪಾಲು ಕೂಲಿಯದು. ಪೆಟ್ರೋಲ್ ಕಾರಿಗೆ ಹತ್ತು ಸಲ ಗ್ಯಾರೇಜಿಗೆ ಹೋಗುವುದು ತಪ್ಪಿದರೆ ಅಲ್ಲಿ ಉಳಿಯುವ ಹಣ ದೊಡ್ಡದು. ನಮ್ಮಲ್ಲಿ ಕೂಲಿ ಕಡಿಮೆ, ಬಿಡಿಭಾಗದ್ದೇ ಖರ್ಚು. ಹಾಗಾಗಿ ತಪ್ಪಿದ ಸರ್ವೀಸುಗಳಿಂದ ನಮಗೆ ಉಳಿಯುವುದು ಅಷ್ಟು ದೊಡ್ಡ ಮೊತ್ತವಲ್ಲ. ಬ್ಯಾಟರಿಯ ಬೆಲೆಯಾದರೋ ಜಗತ್ತಿನ ಬೆಲೆ. ಅದು ಆದೋನಿಗೆ ಬಂದರೆ ಅಗ್ಗವಾಗುವುದಿಲ್ಲ. ಅಂದರೆ ಎಲೆಕ್ಟ್ರಿಕ್ ಕಾರಿನ ಲಾಭದ ಒಂದು ಭಾಗ ನಮ್ಮಲ್ಲಿ ಕುಗ್ಗುತ್ತದೆ, ನಷ್ಟದ ಭಾಗ ಮಾತ್ರ ಹಾಗೆಯೇ ಇರುತ್ತದೆ.

ಬ್ಯಾಟರಿಯ ಕಥೆಯನ್ನು ಕನ್ನಡಿಗರು ಬೇರೆಯವರಿಂದ ಕೇಳಿ ತಿಳಿಯಬೇಕಾಗಿಲ್ಲ. ದೇಶದಲ್ಲಿ ಮೊದಲು ದೊಡ್ಡ ಪ್ರಮಾಣದಲ್ಲಿ ತಯಾರಾಗಿ ಮಾರಾಟವಾದ ಎಲೆಕ್ಟ್ರಿಕ್ ಕಾರು ರೇವಾ ಹುಟ್ಟಿದ್ದು ಬೆಂಗಳೂರಿನ ಬೊಮ್ಮಸಂದ್ರದಲ್ಲಿ, 2001ರಲ್ಲಿ, ಚೇತನ್ ಮೈನಿ ಅವರ ಮುಂದಾಳತ್ವದಲ್ಲಿ. ಎಂಟು ಸೀಸ–ಆಮ್ಲ ಬ್ಯಾಟರಿ, 48 ವೋಲ್ಟ್, ಒಂದು ಚಾರ್ಜಿಗೆ 80 ಕಿಲೋಮೀಟರ್. ಲಂಡನ್ನಿನಲ್ಲಿ ಅದೇ ಕಾರು ಜಿ–ವಿಜ್ ಎಂಬ ಹೆಸರಿನಲ್ಲಿ ಓಡಿತು. ರೇವಾ ಇಟ್ಟುಕೊಂಡವರು ಮೊದಲ ವರ್ಷಗಳಲ್ಲಿ ಕಿಲೋಮೀಟರಿಗೆ ಪೈಸೆ ಲೆಕ್ಕದ ಖರ್ಚನ್ನು ಹೆಮ್ಮೆಯಿಂದ ಹೇಳಿದರು. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕುತ್ತ ಜೋಪಾನ ಮಾಡಿದರು. ಮೂರು ವರ್ಷದ ಸುಮಾರಿಗೆ ಇಡೀ ಬ್ಯಾಟರಿ ಸೆಟ್ ಬದಲಿಸುವ ಹೊತ್ತು ಬಂದಾಗ, ಅಲ್ಲಿಯವರೆಗೆ ಉಳಿದದ್ದರಲ್ಲಿ ದೊಡ್ಡ ಪಾಲು ಒಂದೇ ದಿನ ಹೊರಟುಹೋಯಿತು. 2010ರಲ್ಲಿ ಮಹೀಂದ್ರಾ ಆ ಕಂಪನಿಯನ್ನು ಕೊಂಡಿತು, 2013ರಲ್ಲಿ ಲಿಥಿಯಂ ಬ್ಯಾಟರಿಯ ಇ2ಒ ಬಂತು. 2015ರಲ್ಲಿ ಬೆಂಗಳೂರಿನಲ್ಲೇ ಶುರುವಾದ ಲಿಥಿಯಂ ಅರ್ಬನ್ ಟೆಕ್ನಾಲಜೀಸ್ ಅಂಥ ಕಾರುಗಳನ್ನೇ ಕಂಪನಿ ನೌಕರರನ್ನು ಕರೆದೊಯ್ಯಲು ಹಗಲಿರುಳು ಓಡಿಸಿತು. ರೇವಾ ಕಲಿಸಿದ ಪಾಠ ಮಾತ್ರ ಇವತ್ತಿಗೂ ಹಳತಾಗಿಲ್ಲ: ಎಲೆಕ್ಟ್ರಿಕ್ ಕಾರಿನ ರಿಪೇರಿ ಖರ್ಚು ಕಂತಿನಲ್ಲಿ ಬರುವುದಿಲ್ಲ, ಬಂದರೆ ಒಟ್ಟಿಗೇ ಬರುತ್ತದೆ.

ಈಗಿನ ಬ್ಯಾಟರಿ ರೇವಾದ ಬ್ಯಾಟರಿಯಲ್ಲ, ಅದನ್ನೂ ಸ್ಪಷ್ಟವಾಗಿ ಹೇಳಬೇಕು. ಜಗತ್ತಿನಾದ್ಯಂತ ಸಾವಿರಾರು ಕಾರುಗಳ ಮಾಹಿತಿ ಒಟ್ಟುಮಾಡಿದ ಕೆನಡಾದ ಜಿಯೋಟ್ಯಾಬ್ ಕಂಪನಿಯ ವಿಶ್ಲೇಷಣೆಗಳ ಪ್ರಕಾರ ಬ್ಯಾಟರಿ ಸರಾಸರಿ ವರ್ಷಕ್ಕೆ ಶೇ 2ರ ಆಸುಪಾಸು ಸಾಮರ್ಥ್ಯ ಕಳೆದುಕೊಳ್ಳುತ್ತದೆ. ಆ ಲೆಕ್ಕದಲ್ಲಿ ಹತ್ತು ವರ್ಷಕ್ಕೆ ನೂರಕ್ಕೆ ಎಂಬತ್ತು ಉಳಿಯಬೇಕು. ಕ್ಯಾಲಿಫೋರ್ನಿಯಾದಲ್ಲಿ ಬಾಡಿಗೆ ಓಡಿಸುತ್ತಿದ್ದ ಟೆಸ್‌ಲೂಪ್ ಕಂಪನಿಯ ಒಂದು ಟೆಸ್ಲಾ ಮಾಡೆಲ್ ಎಸ್ 2017ರಲ್ಲಿ ಮೂರು ಲಕ್ಷ ಮೈಲಿ ದಾಟಿತು. ಎರಡು ಲಕ್ಷ ಮೈಲಿ ಮುಟ್ಟುವ ಮೊದಲೇ ಅದರ ಬ್ಯಾಟರಿಯನ್ನು ವಾರಂಟಿಯಲ್ಲಿ ಬದಲಿಸಲಾಗಿತ್ತು. ಜರ್ಮನಿಯ ಹಾನ್ಸ್‌ಯೋರ್ಗ್ ಫಾನ್ ಗೆಮ್ಮಿಂಗನ್ ತಮ್ಮ ಟೆಸ್ಲಾದಲ್ಲಿ 2019ರಲ್ಲಿ ಹತ್ತು ಲಕ್ಷ ಕಿಲೋಮೀಟರ್ ಮುಟ್ಟಿಸಿದರು. ಅಲ್ಲಿಗೆ ತಲುಪಲು ಅವರ ಕಾರು ಒಂದಕ್ಕಿಂತ ಹೆಚ್ಚು ಬ್ಯಾಟರಿಗಳನ್ನೂ ಹಲವು ಮೋಟಾರುಗಳನ್ನೂ ಕಂಡಿತು. ವೋಲ್ವೋ ಮೇಷ್ಟ್ರ ಪಕ್ಕದಲ್ಲಿ ಇವರನ್ನಿಟ್ಟು ನೋಡಿ. ಮೇಷ್ಟ್ರು ಇಂಜಿನ್ನನ್ನು ಬಿಚ್ಚಿ ಕಟ್ಟಿಸಿದರು, ಇವರು ಇಡಿಯಾಗಿ ಬದಲಿಸಬೇಕಾಯಿತು.

ಬಿಸಿಲಿನ ವಿಷಯದಲ್ಲಿ ನಮಗೆ ಹತ್ತಿರದ ಉದಾಹರಣೆ ಅಮೆರಿಕದ ಅರಿಜೋನಾ. ನಿಸಾನ್ ಲೀಫ್ ಕಾರಿನ ಬ್ಯಾಟರಿಗೆ ತಂಪು ಮಾಡುವ ದ್ರವದ ವ್ಯವಸ್ಥೆ ಇರಲಿಲ್ಲ. ಫೀನಿಕ್ಸ್ ನಗರದ ಬಿಸಿಲಿನಲ್ಲಿ ಓಡಿದ ಲೀಫ್‌ಗಳ ಸಾಮರ್ಥ್ಯ ಒಂದೆರಡು ವರ್ಷದಲ್ಲೇ ಕುಸಿದದ್ದು 2012ರಲ್ಲಿ ದೊಡ್ಡ ಸುದ್ದಿಯಾಯಿತು. ಕಂಪನಿ ಆಮೇಲೆ ಬ್ಯಾಟರಿಯ ಸಾಮರ್ಥ್ಯಕ್ಕೂ ವಾರಂಟಿ ಕೊಡಬೇಕಾಯಿತು, ಬಿಸಿ ತಡೆಯುವ ಹೊಸ ರಸಾಯನವನ್ನೂ ತರಬೇಕಾಯಿತು. ಆದೋನಿಯ ಏಪ್ರಿಲ್–ಮೇ ಬಿಸಿಲು 42 ಡಿಗ್ರಿ ದಾಟುವುದು ನಮಗೇನೂ ಸುದ್ದಿಯಲ್ಲ. ಬಿಸಿ ಏರಿದಷ್ಟೂ ಲಿಥಿಯಂ ಸೆಲ್ಲಿನೊಳಗಿನ ಬೇಡದ ರಾಸಾಯನಿಕ ಕ್ರಿಯೆಗಳು ವೇಗ ಪಡೆದು, ಚಾರ್ಜು ಹೊತ್ತು ಓಡಾಡಬೇಕಾದ ಲಿಥಿಯಂ ಸ್ವಲ್ಪಸ್ವಲ್ಪವೇ ಸಿಕ್ಕಿಕೊಂಡು ಕೆಲಸಕ್ಕೆ ಬಾರದಾಗುತ್ತದೆ. ಬ್ಯಾಟರಿ ಪೂರ್ತಿ ತುಂಬಿದ್ದಾಗ ಈ ಕ್ರಿಯೆ ಇನ್ನೂ ಚುರುಕು. ಹಾಗಾಗಿ ರಾತ್ರಿ ನೂರಕ್ಕೆ ನೂರು ತುಂಬಿಸಿ ಮರುದಿನವಿಡೀ ಬಯಲಿನಲ್ಲಿ ನಿಲ್ಲಿಸುವುದು ಬ್ಯಾಟರಿಗೆ ಮಾಡುವ ದೊಡ್ಡ ಅನ್ಯಾಯ. ಎಂಬತ್ತರಷ್ಟು ತುಂಬಿಸಿ ಬೇವಿನ ನೆರಳಿನಲ್ಲಿ ನಿಲ್ಲಿಸಿದ ಕಾರು ಮೂರು ನಾಲ್ಕು ವರ್ಷದ ಕೊನೆಗೆ ಬೇರೆಯೇ ಕಾರಾಗಿರುತ್ತದೆ.

ನಮ್ಮಲ್ಲಿ 2020ರಿಂದ ಹೆಚ್ಚು ಮಾರಾಟವಾದ ಟಾಟಾ ನೆಕ್ಸಾನ್‌ನ ಬ್ಯಾಟರಿ ಲಿಥಿಯಂ–ಕಬ್ಬಿಣ–ಫಾಸ್ಫೇಟ್ ಜಾತಿಯದು, ದ್ರವದಿಂದ ತಂಪಾಗುವಂಥದು. ಈ ಜಾತಿ ಬಿಸಿಗೂ ಪದೇಪದೇ ಚಾರ್ಜು ಮಾಡುವುದಕ್ಕೂ ನಿಕಲ್ ಜಾತಿಯ ಬ್ಯಾಟರಿಗಿಂತ ಹೆಚ್ಚು ತಾಳುತ್ತದೆ. ಆದರೆ ಬ್ಯಾಟರಿಯನ್ನು ತಂಪಾಗಿಡುವುದರಲ್ಲಿ ಕಾರಿನ ಎಸಿಯ ಗ್ಯಾಸು, ಕಂಪ್ರೆಸರ್, ಮುಂಭಾಗದ ಕಂಡೆನ್ಸರ್ ಎಲ್ಲದರ ಪಾಲಿದೆ. ಪೆಟ್ರೋಲ್ ಕಾರಿನಲ್ಲಿ ಎಸಿ ಕೆಟ್ಟರೆ ಕಿಟಕಿ ಇಳಿಸಿ ಬೇಸಗೆ ಕಳೆಯುತ್ತೇವೆ. ಎಲೆಕ್ಟ್ರಿಕ್ ಕಾರಿನಲ್ಲಿ ಎಸಿ ಸೋತದ್ದನ್ನು ಹಾಗೆ ಬಿಟ್ಟರೆ ಒಳಗೊಳಗೆ ಬ್ಯಾಟರಿ ಸವೆಯುತ್ತದೆ. ಧೂಳು ಕಟ್ಟಿದ ಕಂಡೆನ್ಸರನ್ನು ಬೇಸಗೆಗೆ ಮೊದಲು ನೀರು ಹಾಯಿಸಿ ತೊಳೆಸುವುದು ಕೆಲವು ನೂರು ರೂಪಾಯಿಯ ಕೆಲಸ.

ಬ್ಯಾಟರಿಯ ಮಾತಿನಲ್ಲಿ ಬೇರೆ ತೊಂದರೆಗಳು ಮರೆತುಹೋಗುತ್ತವೆ. ಜರ್ಮನಿಯ ವಾಹನ ಸಂಘ ಎಡಿಎಸಿಯ ಲೆಕ್ಕಗಳಲ್ಲಿ ಎಲೆಕ್ಟ್ರಿಕ್ ಕಾರು ದಾರಿಯಲ್ಲಿ ನಿಲ್ಲಲು ಅತಿ ಸಾಮಾನ್ಯ ಕಾರಣ ದೊಡ್ಡ ಬ್ಯಾಟರಿಯಲ್ಲ, ಪೆಟ್ರೋಲ್ ಕಾರಿನಲ್ಲಿರುವಂಥದೇ 12 ವೋಲ್ಟಿನ ಪುಟ್ಟ ಬ್ಯಾಟರಿ. ಅದು ಎಲ್ಲ ಊರಲ್ಲೂ ಸಿಗುತ್ತದೆ. ಒಳಗಿನ ಚಾರ್ಜರ್, 12 ವೋಲ್ಟಿಗೆ ಇಳಿಸುವ ಕನ್ವರ್ಟರ್, ದೊಡ್ಡ ಸ್ವಿಚ್ಚಿನಂತೆ ಕೆಲಸ ಮಾಡುವ ಕಾಂಟ್ಯಾಕ್ಟರ್, ಮೋಟಾರಿನ ಬೇರಿಂಗ್ ಕೆಟ್ಟರೆ ಹಾಗಲ್ಲ. ಇವುಗಳನ್ನು ಬಿಚ್ಚಿ ಸರಿಮಾಡುವವರು ನಮ್ಮ ಸುತ್ತ ಇಲ್ಲ. ಸರ್ವೀಸ್ ಕೇಂದ್ರಗಳಲ್ಲೂ ಬಹುಮಟ್ಟಿಗೆ ಇಡೀ ಪೆಟ್ಟಿಗೆ ತೆಗೆದು ಇಡೀ ಪೆಟ್ಟಿಗೆ ಹಾಕುತ್ತಾರೆ. ಲಾರಿಯ ಮೇಲೆ ಗಾಡಿ ಹೇರಿಕೊಂಡು ಹೋಗುವ ಖರ್ಚೂ, ವಾರಗಟ್ಟಲೆ ಗಾಡಿಯಿಲ್ಲದೆ ಕೂರುವ ನಷ್ಟವೂ ನಿರ್ವಹಣೆಯ ಖರ್ಚೇ. ಬಾಡಿಗೆ ಓಡಿಸಿ ಬದುಕುವವನಿಗೆ ಎರಡನೆಯದೇ ದೊಡ್ಡದು.

ಹಳ್ಳಿಯಲ್ಲಿ ಮನೆಯಲ್ಲೇ ಚಾರ್ಜು ಮಾಡುವವರಿಗೆ ಇನ್ನೊಂದು ತೊಡಕು ಅರ್ಥಿಂಗ್. ಎಷ್ಟೋ ಮನೆಗಳಲ್ಲಿ ಮೂರನೆಯ ತಂತಿ ಹೆಸರಿಗಿದೆ, ನೆಲಕ್ಕೆ ಸೇರಿಲ್ಲ. ಎಲೆಕ್ಟ್ರಿಕ್ ಕಾರು ಅದನ್ನು ಒಪ್ಪುವುದಿಲ್ಲ; ಚಾರ್ಜರಿನ ಕೆಂಪು ದೀಪ ಹತ್ತಿ ನಿಂತುಬಿಡುತ್ತದೆ. ಗುಂಡಿ ತೋಡಿ, ಕೊಳವೆ ಇಳಿಸಿ, ಇದ್ದಿಲು ಉಪ್ಪು ತುಂಬಿದರೂ ಮೇ ತಿಂಗಳಲ್ಲಿ ನೆಲ ಒಣಗಿದಾಗ ಮತ್ತೆ ಅದೇ ಗೋಳು. ವಾರಕ್ಕೆರಡು ಸಲ ಆ ಗುಂಡಿಗೆ ಒಂದು ಬಿಂದಿಗೆ ನೀರು ಹಾಕುವುದು ನಮ್ಮ ಕಡೆ ಎಲೆಕ್ಟ್ರಿಕ್ ಕಾರಿನ "ಸರ್ವೀಸ್" ಎಂದೇ ತಿಳಿಯಬೇಕು. ವೋಲ್ಟೇಜ್ ಏರಿಳಿತಕ್ಕೆ ಒಳಗಿನ ಚಾರ್ಜರ್ ಬಲಿಯಾಗದಂತೆ ರಕ್ಷಣೆಯ ಪೆಟ್ಟಿಗೆಯೊಂದನ್ನು ಹಾಕಿಸಿದರೆ ಕೆಲವು ಸಾವಿರ ಖರ್ಚಾಗಿ ದೊಡ್ಡ ಮೊತ್ತ ಉಳಿಯುತ್ತದೆ.

ಎರಡೂ ಜಾತಿಗೆ ಸಮನಾದ ಶತ್ರು ನಮ್ಮ ರಸ್ತೆ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಬಿರಿಯುತ್ತದೆ. ಅದರ ಮೇಲೆ ಹಾಸಿದ ಡಾಂಬರು ಅಲೆಯಲೆಯಾಗುತ್ತದೆ. ಲಿಂಕ್ ರಾಡು, ಲೋಯರ್ ಆರ್ಮ್ ಬುಷ್, ಶಾಕ್ ಅಬ್ಸಾರ್ಬರ್ ಯಾವ ಕಾರನ್ನೂ ಬಿಡುವುದಿಲ್ಲ. ಬ್ಯಾಟರಿಯ ಭಾರದಿಂದ ಎಲೆಕ್ಟ್ರಿಕ್ ಕಾರಿನ ಟೈರು ತುಸು ಬೇಗ ಸವೆಯುತ್ತದೆ. ಅದರ ಬ್ಯಾಟರಿ ಪೆಟ್ಟಿಗೆ ಹೊಟ್ಟೆಯ ಕೆಳಗೇ ಇರುವುದರಿಂದ ಹೊಲದ ದಾರಿಯ ಕಲ್ಲು ತಾಗಿದರೆ ಆಗುವ ಪೆಟ್ಟು ಸೈಲೆನ್ಸರ್ ನೆಗ್ಗಿದಂತಲ್ಲ. ವಿಮೆ ಮಾಡಿಸುವಾಗ ಬ್ಯಾಟರಿಗೆ ಪೂರ್ತಿ ರಕ್ಷಣೆ ಇದೆಯೇ ಎಂದು ಕೇಳಿ ಬರೆಸಿಕೊಳ್ಳಬೇಕು.

ಕಾಗದದ ಖರ್ಚಿನಲ್ಲಿ ಎಲೆಕ್ಟ್ರಿಕ್ ಕಾರಿಗೆ ಅನುಕೂಲ ಹೆಚ್ಚು. ಬ್ಯಾಟರಿ ವಾಹನಗಳಿಗೆ ನೋಂದಣಿ ಮತ್ತು ನವೀಕರಣ ಶುಲ್ಕವನ್ನು ಕೇಂದ್ರ 2021ರಲ್ಲೇ ಕೈಬಿಟ್ಟಿದೆ. ಪೆಟ್ರೋಲ್ ಕಾರಿಗೆ ಹದಿನೈದು ವರ್ಷದ ಮೇಲೆ ನವೀಕರಣಕ್ಕೆ 5,000 ರೂಪಾಯಿ, ಇಪ್ಪತ್ತು ದಾಟಿದರೆ 2025ರಿಂದ 10,000. 2022ರ ಆದೇಶದಂತೆ ಥರ್ಡ್ ಪಾರ್ಟಿ ವಿಮೆಯಲ್ಲಿ ಎಲೆಕ್ಟ್ರಿಕ್ ವಾಹನಕ್ಕೆ ಶೇ 15 ರಿಯಾಯಿತಿಯೂ ಇದೆ. ಹೊಗೆ ತಪಾಸಣೆಯ ಗೊಡವೆಯಿಲ್ಲ.

ಈಗ ಒಂದೂವರೆ ಲಕ್ಷ ಕಿಲೋಮೀಟರಿನ ಲೆಕ್ಕ ಹಾಕೋಣ. ಲೀಟರಿಗೆ 15 ಕಿಲೋಮೀಟರ್ ಕೊಡುವ ಪೆಟ್ರೋಲ್ ಕಾರು ಅಷ್ಟು ಓಡಲು ಹತ್ತು ಸಾವಿರ ಲೀಟರ್ ಕುಡಿಯುತ್ತದೆ. ಆಂಧ್ರದ ದರದಲ್ಲಿ ಸುಮಾರು 10.9 ಲಕ್ಷ, ಬಳ್ಳಾರಿ ದರದಲ್ಲಿ 10.3 ಲಕ್ಷ. ಗಡಿ ದಾಟಿ ಪೆಟ್ರೋಲ್ ಹಾಕಿಸಿದ್ದರಿಂದ ಉಳಿದ ಅರವತ್ತು ಸಾವಿರ ರೂಪಾಯಿ ಅಷ್ಟೂ ದೂರದ ಹದಿನೈದು ಸರ್ವೀಸುಗಳಲ್ಲಿ ಬಹುಪಾಲನ್ನು ತೀರಿಸುತ್ತದೆ. ಎಲೆಕ್ಟ್ರಿಕ್ ಕಾರು ಯೂನಿಟ್ಟಿಗೆ 7 ಕಿಲೋಮೀಟರ್ ಓಡುತ್ತದೆಂದು ಹಿಡಿದು, ಚಾರ್ಜು ಮಾಡುವಾಗ ಸೋರುವುದನ್ನೂ ಸೇರಿಸಿದರೆ 24,000 ಯೂನಿಟ್. ಮನೆಯಲ್ಲಿ ಯೂನಿಟ್ಟಿಗೆ 8 ರೂಪಾಯಿಯಾದರೆ ಎರಡು ಲಕ್ಷದೊಳಗೆ ಮುಗಿಯಿತು. ಹೆದ್ದಾರಿಯ ಫಾಸ್ಟ್ ಚಾರ್ಜರಿನಲ್ಲಿ 20 ರೂಪಾಯಿ ಕೊಟ್ಟರೆ 4.8 ಲಕ್ಷ. ಮನೆಯಲ್ಲಿ ಚಾರ್ಜು ಮಾಡುವವನಿಗೆ ಇಂಧನದಲ್ಲೇ ಎಂಟು ಲಕ್ಷಕ್ಕೂ ಮೇಲೆ ಉಳಿಯುತ್ತದೆ. ಬ್ಯಾಟರಿ ಒಮ್ಮೆ ಹೋದರೂ ಅವನ ಲೆಕ್ಕ ಮುಳುಗುವುದಿಲ್ಲ. 2024ರಲ್ಲಿ ಬ್ಯಾಟರಿಯ ಜಾಗತಿಕ ಸರಾಸರಿ ಬೆಲೆ ಯೂನಿಟ್ ಸಾಮರ್ಥ್ಯಕ್ಕೆ 115 ಡಾಲರ್ ಎಂದು ಬ್ಲೂಮ್‌ಬರ್ಗ್‌ನ ಸಮೀಕ್ಷೆ ಹೇಳಿತು, ಅಂದರೆ 30 ಯೂನಿಟ್ಟಿನ ಬ್ಯಾಟರಿಗೆ ಕಾರ್ಖಾನೆಯ ಮಟ್ಟದಲ್ಲಿ ಮೂರು ಲಕ್ಷ ರೂಪಾಯಿ. ವಾರಂಟಿ ಮುಗಿದ ಗಿರಾಕಿಯ ಕೈಗೆ ಬರುವ ಬಿಲ್ಲು ಅದಕ್ಕಿಂತ ಬಹಳ ಹೆಚ್ಚು.

ಇಲ್ಲಿಯವರೆಗಿನದು ಮೊದಲಿನಿಂದಲೂ ಒಡೆಯನಾದವನ ಲೆಕ್ಕ. ಸೆಕೆಂಡ್ಸ್ ಕೊಳ್ಳುವವನ ಲೆಕ್ಕ ಬೇರೆ. ಪೆಟ್ರೋಲ್ ಉಳಿತಾಯದ ಮೊದಲ ಪಾಲು ಮೊದಲ ಒಡೆಯನಿಗೆ ಸಿಕ್ಕಿರುತ್ತದೆ, ಬ್ಯಾಟರಿಯ ಭಯ ಮಾತ್ರ ಎರಡನೆಯವನ ಪಾಲಿಗೆ ಉಳಿಯುತ್ತದೆ. ಎಂಟು ವರ್ಷ ಅಥವಾ 1,60,000 ಕಿಲೋಮೀಟರ್ ಎಂಬ ವಾರಂಟಿಯಲ್ಲಿ ಎಷ್ಟು ಉಳಿದಿದೆ ಎಂಬುದೇ ಆ ಗಾಡಿಯ ನಿಜವಾದ ಬೆಲೆ. ಈಚೆಗೆ ಕೆಲವು ಮಾದರಿಗಳಿಗೆ ಕೊಡುತ್ತಿರುವ ಜೀವಮಾನದ ಬ್ಯಾಟರಿ ವಾರಂಟಿ ಮೊದಲ ಒಡೆಯನಿಗೆ ಮಾತ್ರ. 2025ರ ಏಪ್ರಿಲ್‌ನಲ್ಲಿ ದೆಹಲಿ ಮತ್ತು ಬೆಂಗಳೂರಿನಲ್ಲಿ ಓಡುತ್ತಿದ್ದ ಬ್ಲೂಸ್ಮಾರ್ಟ್ ಟ್ಯಾಕ್ಸಿ ಸೇವೆ ನಿಂತ ಮೇಲೆ ಹೆಚ್ಚು ಓಡಿದ ಎಲೆಕ್ಟ್ರಿಕ್ ಕಾರುಗಳು ಕಡಿಮೆ ಬೆಲೆಗೆ ಮಾರುಕಟ್ಟೆಗೆ ಬಂದವು. ಬಾಡಿಗೆಗೆ ಓಡಿದ ಗಾಡಿ ಹಗಲಲ್ಲಿ ಫಾಸ್ಟ್ ಚಾರ್ಜರಿನಲ್ಲೇ ಬದುಕಿದ್ದು. ಬೆಲೆ ನೋಡಿ ಮರುಳಾಗಬಾರದು.

ನನ್ನ ತೀರ್ಪು ಇಷ್ಟು. ದಿನಕ್ಕೆ ಅರವತ್ತು ಎಂಬತ್ತು ಕಿಲೋಮೀಟರ್ ತಪ್ಪದೆ ಓಡುವ, ಮನೆಯಂಗಳದಲ್ಲೇ ಚಾರ್ಜು ಮಾಡಿಕೊಳ್ಳುವ, ಹೊಸದಾಗಿ ಕೊಂಡು ವಾರಂಟಿ ಮುಗಿಯುವವರೆಗೆ ಇಟ್ಟುಕೊಳ್ಳುವ ಮನೆಗೆ ಎಲೆಕ್ಟ್ರಿಕ್ ಕಾರು ಇವತ್ತೇ ಅಗ್ಗ. ನಾಲ್ಕೈದು ಲಕ್ಷಕ್ಕೆ ಹಳೆಯ ಗಾಡಿ ಕೊಂಡು ಹತ್ತು ವರ್ಷ ಎಳೆಯಬೇಕೆನ್ನುವ ಮನೆಗೆ ಪೆಟ್ರೋಲ್ ಗಾಡಿಯೇ ಇನ್ನೂ ಕ್ಷೇಮ. ಕಾರಣ ಯಂತ್ರದಲ್ಲಿಲ್ಲ, ಬಿಚ್ಚಿ ಕಟ್ಟುವ ಕೈ ಹತ್ತಿರದಲ್ಲಿದೆಯೋ ಇಲ್ಲವೋ ಎಂಬುದರಲ್ಲಿದೆ. ಬ್ಯಾಟರಿಯೊಳಗೆ ನೂರಾರು ಸೆಲ್ಲುಗಳಲ್ಲಿ ನಾಲ್ಕು ಸತ್ತರೆ ಆ ನಾಲ್ಕನ್ನೇ ಬದಲಿಸುವ ಕೈ ಬಳ್ಳಾರಿಯಲ್ಲಿ, ಆದೋನಿಯಲ್ಲಿ ತಯಾರಾಗಬೇಕು. ನಮ್ಮ ಐಟಿಐ, ಪಾಲಿಟೆಕ್ನಿಕ್ಕುಗಳಲ್ಲಿ ಹೆಚ್ಚು ವೋಲ್ಟೇಜಿನ ಬ್ಯಾಟರಿ ಬಿಚ್ಚುವ ಕೆಲಸವನ್ನು ಕೈಗವಸು ತೊಡಿಸಿ, ಕನ್ನಡದಲ್ಲೂ ತೆಲುಗಿನಲ್ಲೂ ಕಲಿಸಬೇಕು. ಕಂಪನಿಗಳು ಬಿಡಿ ಮಾಡ್ಯೂಲನ್ನೂ ಪರೀಕ್ಷೆಯ ಸಾಫ್ಟ್‌ವೇರನ್ನೂ ಹೊರಗಿನ ಗ್ಯಾರೇಜಿಗೆ ಕೊಡುವಂತೆ ಸರ್ಕಾರ ಕಟ್ಟುಮಾಡಬೇಕು. ಹಳೆಯ ಎಲೆಕ್ಟ್ರಿಕ್ ಕಾರು ಮಾರುವಾಗ ಬ್ಯಾಟರಿಯ ಆರೋಗ್ಯಪತ್ರವನ್ನು ಆರ್‌ಸಿಯಷ್ಟೇ ಕಡ್ಡಾಯ ಮಾಡಬೇಕು.

ಅದೆಲ್ಲ ಆಗುವವರೆಗೆ, ಸಂತೆಯಲ್ಲಿ ಎತ್ತು ಕೊಳ್ಳುವವರು ಹಲ್ಲು ಹಿಡಿದು ನೋಡಿ, ಆಮೇಲೆ ನಾಲ್ಕು ಹೆಜ್ಜೆ ನಡೆಸಿ ನೋಡುವಂತೆ, ನೀವೂ ನಡೆಸಿ ನೋಡಿ. 30 ಯೂನಿಟ್ ಬ್ಯಾಟರಿಯ ಹಳೆಯ ಕಾರು ಕೊಳ್ಳುವ ಮೊದಲು ಪೂರ್ತಿ ಚಾರ್ಜು ಮಾಡಿಸಿ, ಎಸಿ ಹಾಕಿಕೊಂಡು ಹಾಲಹರವಿಯಿಂದ ಬಳ್ಳಾರಿಗೆ ಹೋಗಿ ತಿರುಗಿ ಬನ್ನಿ. ಅರವತ್ತು ಕಿಲೋಮೀಟರಿಗೆ ಮೀಟರಿನಲ್ಲಿ ಇಪ್ಪತ್ತೆಂಟು ಮೂವತ್ತು ಪರ್ಸೆಂಟ್ ಇಳಿದಿದ್ದರೆ ಬ್ಯಾಟರಿ ಗಟ್ಟಿಯಿದೆ. ನಲವತ್ತು ಇಳಿದಿದ್ದರೆ ಕಾಲು ಭಾಗವೋ ಅದಕ್ಕಿಂತ ತುಸು ಹೆಚ್ಚೋ ಸವೆದಿದೆ ಎಂದು ತಿಳಿದು ಬೆಲೆ ಮಾತಾಡಿ, ಇಲ್ಲವೇ ಬೀಗದ ಕೈ ವಾಪಸ್ ಕೊಟ್ಟು ಬನ್ನಿ.